ಕವಿಚಿ

ತಮಿಳು ಸೀಮೆಯ ಗಣಪತಿ ಎಂಬ ಬಡಾವಣೆಯಲ್ಲಿರುವ ನಮ್ಮ ಹಿರಿಯ ಹೆಂಗಸರ ಹಾಸ್ಟೆಲ್‌ನಲ್ಲಿ ಇಬ್ಬರಿಗೊಂದು ರೂಮು, ಒಂದು ಪುಟ್ಟ ಕಿಚನ್. ನನ್ನ ರೂಮ್‌ಮೇಟ್ ಇಲ್ಲಿನವರೇ, ನೇಕಾರರ ಮನೆಯವರು. ಮಾತು ಕನ್ನಡ, ಓದುಬರಹ ತಮಿಳು. ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿ, ಇಲ್ಲಿ ಇಂಗ್ಲಿಷ್ ಟೀಚರಾಗಿದ್ದವಳು. ಪಾತ್ರೆ ತೊಳೆಯಲು ಬಿಸಿನೀರು, ಸೋಪು, ರಿನ್ಸ್, ಒಣಬಟ್ಟೆ. ಸಿಸ್ಟರ್‌ಗಳು ಕಲಿಸಿದ ಈ ಕ್ರಮ ತಪ್ಪಿಸಿದವಳಲ್ಲ.

ಈಚೆಗೆ ನನಗೆ ಒಂದು ಜ್ವರ ಬಂದು ಹೋದ ಮೇಲೆ ನಮ್ಮಿಬ್ಬರ ಜಗಳ ಶುರುವಾಯಿತು.

“ಟೀಚರಮ್ಮಾ, ಈ ಲೋಟ ತೊಳ್ದ್ರೋ, ಇಲ್ಲ ನೀರಿಗೆ ತೋರ್ಸಿ ಇಟ್ರೋ? ಕವಿಚಿ ಹೊಡೀತದೆ!”

ಕವಿಚಿ ಎಂದರೆ ಮೊಟ್ಟೆ, ಮೀನಿನ ಹಸಿ ನಾತ, ತಮಿಳಿನ ಮಾತು. ನಾನು ಬೆಳಿಗ್ಗೆ ಹಾಫ್ ಬಾಯಿಲ್ ಮೊಟ್ಟೆ ತಿನ್ನುವುದು ಅವರಿಗೆ ಹಿಡಿಸದು, ಅದಕ್ಕೇ ಈ ನೆಪ ಎಂದುಕೊಂಡೆ.

“ಸಿಂಕಿನಲ್ಲೇ ಬಾಯಿ ಮುಕ್ಕಳಿಸುವವರು ನನಗೆ ಹೈಜೀನ್ ಹೇಳಬೇಡಿ ಅಕ್ಕಾ.”

ಅವರು ಆಚೆ ಹೋದ ಮೇಲೆ ಲೋಟವನ್ನು ಮೂಗಿಗೆ ಹಿಡಿದೆ. ಏನೂ ಇಲ್ಲ. ಸೋಪಿನ ನಿಂಬೆ ಪರಿಮಳವೂ ಇಲ್ಲ. ಕಾಫಿಪುಡಿಯ ಡಬ್ಬಿ ತೆರೆದೆ. ಅದರ ಘಮವೂ ಇಲ್ಲ.

ಇಲ್ಲಿ ಒಂದು ರೂಲ್ ಇದೆ. ಒಲೆಯ ಹತ್ತಿರ ಸೇಫ್ ಅಲ್ಲದವರನ್ನು ಕೆಳಗಿನ ಕೇರ್ ವಾರ್ಡಿಗೆ ಕಳಿಸುತ್ತಾರೆ. ಸಾಲು ಮಂಚ, ಆಯಾ ತಿನ್ನಿಸುವ ಗಂಜಿ. ಹೋದವರು ಮತ್ತೆ ಮೇಲೆ ಬಂದದ್ದನ್ನು ನಾನು ನೋಡಿಲ್ಲ. ಮೂಗಿನ ವಿಷಯ ಯಾರಿಗೂ ಹೇಳಲಿಲ್ಲ. ಲೋಟ ಮೂರು ಮೂರು ಸಲ ತೊಳೆದೆ, ಜೋರಾಗಿ ಜಗಳ ಆಡಿದೆ.

ಮೊನ್ನೆ ಹಾಲು ಕಾಯಲಿಟ್ಟು ಸಿಂಕಿನ ಕಡೆ ತಿರುಗಿ ಕುಕ್ಕರ್ ಉಜ್ಜುತ್ತಿದ್ದೆ. ಹೊರಗಿನಿಂದ ಬಂದ ಅಕ್ಕ ನನ್ನನ್ನು ತಳ್ಳಿಕೊಂಡೇ ಹೋಗಿ ಸ್ಟೌ ಆಫ್ ಮಾಡಿದರು, ಕಿಟಕಿ ತೆರೆದರು. ಹಾಲು ಉಕ್ಕಿ ಉರಿ ಆರಿತ್ತು. ಗ್ಯಾಸಿನ ಮಧ್ಯೆ ನಾನು ಆರಾಮಾಗಿ ನಿಂತಿದ್ದೆ.

ಬಾಗಿಲಲ್ಲಿ ಮ್ಯಾನೇಜರಮ್ಮ. ಏನು ವಾಸನೆ ಎಂದು ತಮಿಳಿನಲ್ಲಿ ಕೇಳಿದರು. “ಹಾಲು ಉಕ್ಕಿತು, ಕೂಡಲೇ ಆರಿಸಿದೆವು” ಎಂದು ಇವರೂ ತಮಿಳಿನಲ್ಲೇ ಹೇಳಿ ಸಾಗಹಾಕಿದರು. ಆಮೇಲೆ ಬಾಗಿಲು ಹಾಕಿದರು.

“ಯಾವತ್ತಿಂದ?”

“ಏನು?”

“ಮೂಗು.”

“ಜ್ವರ ಬಂದಾಗಿನಿಂದ. ಕೆಳಗೆ ಹೇಳಬೇಡಿ ಅಕ್ಕಾ, ಪ್ಲೀಸ್.”

“ನಂಗೆ ಜೀವದ್ ಮೇಲೆ ಆಸೆ ಇಲ್ವಾ ಟೀಚರಮ್ಮಾ? ಒಂದೇ ರೂಮಲ್ಲಿ ತಾನೆ ನಾನೂ ಮಲಗೋದು?” ಅವರು ಒಲೆಯ ಲೈಟರ್ ಎತ್ತಿಕೊಂಡರು. “ಪಾತ್ರೆ ನಿಮ್ದು, ಒಲೆ ನಂದು. ಒಂದೇ ಒಂದ್ ಸಲ ನೀವು ಹಚ್ಚಿದ್ರೂ, ನಾನೇ ಹೋಗಿ ಹೇಳ್ಬಿಡ್ತೀನಿ.”

ಇವತ್ತು ಅವರು ತಿರುಪ್ಪೂರಿಗೆ, ಮಗಳ ಮನೆಗೆ ಹೋಗಿದ್ದಾರೆ. ಲೈಟರ್ ಅವರ ಚೀಲದಲ್ಲಿದೆ. ನನಗೆ ಬ್ರೆಡ್, ಬಾಳೆಹಣ್ಣು ಸಾಕು. ಆದರೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದಾಗಲೆಲ್ಲ ಎದ್ದುಹೋಗಿ, ಅಡುಗೆ ಎಂದಿನಂತೆ ನಡೆದಿದೆ ಎಂದು ಕೇಳಿದವರಿಗೆ ಅನಿಸಲೆಂದು ನಲ್ಲಿ ಬಿಟ್ಟು, ತೊಳೆದ ಪಾತ್ರೆಗಳನ್ನೇ ಗಲಗಲ ತೊಳೆಯುತ್ತೇನೆ.