ಬೀಗದೊಳಗಿನ ಸೀರೆ

ನುಸಿಗುಳಿಗೆಯ ವಾಸನೆ ಎಂದರೆ ನಿಮಗೆ ಅಜ್ಜಿಯ ಪೆಟ್ಟಿಗೆಯೋ ಹಬ್ಬದ ಬೆಳಗೋ ನೆನಪಾಗಬಹುದು. ನನಗೆ ಮಾತ್ರ ಇವತ್ತಿಗೂ ಎದೆ ಧಸಕ್ಕೆನ್ನುತ್ತದೆ. ಕನಕಪುರದ ಹತ್ತಿರದ ಆ ಮನೆಯಲ್ಲಿ ನಾವು ರೇಷ್ಮೆ ಹುಳ ಸಾಕುತ್ತಿದ್ದೆವು. ಪಡಸಾಲೆಯ ತುಂಬ ಹುಳದ ತಟ್ಟೆಗಳು. ಮಿಕ್ಕ ಜಾಗದಲ್ಲಿ ಮನುಷ್ಯರು ಹೇಗೋ ಹೊಂದಿಕೊಂಡಿದ್ದೆವು. ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆಯೊಂದನ್ನು ಬಿಟ್ಟು ಬೇರೆ ಯಾವ ಘಾಟೂ ಆ ಹುಳ ಮಹಾರಾಯರಿಗೆ ಆಗದು. ಹುಳ ಇರುವಷ್ಟು ದಿನ ಊದುಬತ್ತಿ ಇಲ್ಲ, ಮೆಣಸಿನಕಾಯಿ ಒಗ್ಗರಣೆ ಇಲ್ಲ, ಪೌಡರ್ ಬಳಿದುಕೊಂಡು ಬಂದ ನೆಂಟರಿಗೆ ಜಗಲಿಯೇ ಗತಿ. ನುಸಿಗುಳಿಗೆಯಂತೂ ಅಜ್ಜಿಯ ಲೆಕ್ಕದಲ್ಲಿ ಶುದ್ಧ ವಿಷ.

ಜಯತ್ತೆ ಅಪ್ಪನ ತಂಗಿ. ನೋಡಲು ಬಂದ ಎರಡು ಕಡೆಯವರು 'ಮನೆಯೆಲ್ಲ ಹುಳದ ವಾಸನೆ' ಎಂದು ಮೂಗು ಮುರಿದು ಹೋಗಿದ್ದರು. ಮೂರನೆಯದು ಮಾಗಡಿಯ ಪಾತ್ರೆ ಅಂಗಡಿಯವರ ಮನೆ. ಹುಡುಗ ಒಳ್ಳೆಯವನು, ಅತ್ತೆಗೂ ಮನಸ್ಸಿತ್ತು. ನಮಗೆ ಹೆದರಿಕೆಯೆಲ್ಲ ಅವನ ತಾಯಿಯ ಬಗ್ಗೆ. ನಿಶ್ಚಿತಾರ್ಥಕ್ಕೆ ಉಡಲೆಂದು ಆಕೆ ಹಸಿರು ರೇಷ್ಮೆ ಸೀರೆ ಕಳಿಸಿದ್ದರು. ಅದು ಅವರ ಬೀರುವಿನಲ್ಲಿ ಎಷ್ಟು ಕಾಲ ಇತ್ತೋ, ಗಂಟು ಬಿಚ್ಚುವ ಮೊದಲೇ ನುಸಿಗುಳಿಗೆ ಗಮ್ಮೆಂದಿತು. ಅಜ್ಜಿ ಅದನ್ನು ಹೊಸಿಲು ದಾಟಿಸಲಿಲ್ಲ. "ಪುಟ್ಟಕ್ಕನ ಮನೇಲಿ ಇಡು. ಆವತ್ತು ಬೆಳಿಗ್ಗೆ ಅಲ್ಲೇ ಉಟ್ಕಂಡು ಬತ್ತಾಳೆ" ಎಂದು ಪಕ್ಕದ ಮನೆಗೆ ಸಾಗಿಸಿದಳು. ಹೊಲಿಸಿದ ಕುಪ್ಪಸವೂ ಅಲ್ಲಿಗೇ ಹೋಯಿತು.

ಶಾಸ್ತ್ರ ಭಾನುವಾರಕ್ಕೆ ಗೊತ್ತಾಗಿತ್ತು. ಆದರೆ ಹುಳ ಬೇಗ ಹಣ್ಣಾಗುವ ಹಾಗೆ ಕಂಡಿತು. ಹಣ್ಣಾದ ಹುಳ ಗೂಡು ಕಟ್ಟಲು ನಿಂತರೆ ಮನೆಯವರಿಗೆ ನೀರು ಕುಡಿಯಲೂ ಪುರುಸೊತ್ತಿಲ್ಲ. ಹಾಗಾಗಿ ಮಾಗಡಿಯವರನ್ನು ಕೇಳಿಕೊಂಡು ಎರಡು ದಿನ ಮೊದಲೇ, ಶುಕ್ರವಾರಕ್ಕೆ ಇಟ್ಟುಕೊಂಡರು. ಇಡೀ ಊರಿಗೆ ಹೇಳಿದೆವು, ಪುಟ್ಟಕ್ಕನಿಗೆ ಮಾತ್ರ ಅಮ್ಮ ಹೇಳಿರುತ್ತಾಳೆಂದು ಅಜ್ಜಿ, ಅಜ್ಜಿ ಹೇಳಿರುತ್ತಾಳೆಂದು ಅಮ್ಮ ಬಿಟ್ಟುಬಿಟ್ಟಿದ್ದರು. ಶುಕ್ರವಾರ ಬೆಳಿಗ್ಗೆ ಅತ್ತೆ ತಲೆಗೆ ಎರೆದುಕೊಂಡು ಹೋಗಿ ನೋಡಿದರೆ ಪುಟ್ಟಕ್ಕನ ಬಾಗಿಲಿಗೆ ಅಂಗೈಯಗಲದ ಬೀಗ. ಹರಕೆ ತೀರಿಸಲು ಕಬ್ಬಾಳಿನ ಅಮ್ಮನ ಗುಡಿಗೆ ಹೋಗಿದ್ದಾಳೆಂದು ಎದುರುಮನೆಯವರು ಹೇಳಿದರು. ಅಪ್ಪ ಫೋನ್ ಮಾಡಿದ. ಅದು ಬೀಗದ ಒಳಗೇ ರಿಂಗಾಯಿತು.

ಅಪ್ಪ ಹಾರೆ ತಂದ. ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. "ಅಮ್ಮನ ತಾವ ಹೋಗಿರೋಳ ಮನೆ ಬೀಗ ಒಡೀತೀಯೇನ್ಲಾ? ಮೊದ್ಲು ನನ್ ತಲೆ ಒಡಿ." ಅಪ್ಪ ಹಾರೆ ಎಸೆದು ಬೈಕ್ ಒದ್ದು ಕಬ್ಬಾಳಿನ ದಾರಿ ಹಿಡಿದ. ಅಣ್ಣನಾದವನೇ ತಾಂಬೂಲ ಬದಲಾಯಿಸಬೇಕು, ಅವನೇ ಊರಲ್ಲಿಲ್ಲ. ಒಳಗೆ ಅತ್ತೆಗೆ ಅಜ್ಜಿಯ ಮದುವೆ ಸೀರೆ ಉಡಿಸಿದರು. ಅದಕ್ಕೆ ಒಪ್ಪುವ ಕುಪ್ಪಸ ಅಮ್ಮನದೊಂದೇ. ಅಮ್ಮ ದಪ್ಪ, ಅತ್ತೆ ಕಡ್ಡಿ. ಬೆನ್ನಿನುದ್ದಕ್ಕೂ ಪಿನ್ನು ಚುಚ್ಚಿ ಚುಚ್ಚಿ ಬಿಗಿದ ಅಮ್ಮ, "ಜೋರಾಗಿ ಉಸಿರು ಬುಡಬ್ಯಾಡ ಕಣೆ" ಅಂದಳು. ನನಗೆ ನಗು ಬಂತು. ಅತ್ತೆ ಬೀದಿ ಬಾಗಿಲ ಕಡೆಗೇ ನೋಡುತ್ತಿದ್ದುದನ್ನು ಕಂಡು ನುಂಗಿಕೊಂಡೆ.

ಅಷ್ಟರಲ್ಲಿ ಮಾಗಡಿಯ ಟೆಂಪೊ ಬಂದೇಬಿಟ್ಟಿತು. ಚಪ್ಪರದಡಿ ಕೂತ ಹುಡುಗನ ತಾಯಿ ಅತ್ತೆಯನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ನಾವ್ ಕಳ್ಸಿದ್ ಸೀರೆ ಹಿಡಿಸ್ನಿಲ್ವಾ?" ಮಜ್ಜಿಗೆ ಹಂಚುತ್ತಿದ್ದ ಅಮ್ಮ ಅಲ್ಲೇ ನಿಂತಳು. ಅಜ್ಜಿ "ಟೈಲರು..." ಎಂದು ಸುಳ್ಳಿನ ಎಳೆ ಹುಡುಕತೊಡಗಿದಳು. ಜಯತ್ತೆ ಅವಳನ್ನು ತಡೆದು ಹುಡುಗನ ತಾಯಿಗೆ ತಾನೇ ಹೇಳಿದಳು.

"ಸೀರೆ ಬಾಳ ಚೆನ್ನಾಗೈತೆ ಅತ್ತೆ. ನುಸಿಗುಳಿಗೆ ವಾಸ್ನೆಗೆ ಹುಳ ಸಾಯ್ತವೆ ಅಂತ ಪಕ್ಕದ್ಮನೇಲಿ ಇಟ್ಟಿದ್ವಿ. ಅವ್ರು ಬೀಗ ಹಾಕ್ಕಂಡು ಹೋಗವ್ರೆ. ಇದು ನಮ್ಮವ್ವನ ಸೀರೆ, ಕುಪ್ಪಸ ಅತ್ತಿಗೆದು." ಹೇಳುವಾಗಲೇ ಹಿಂದೆ ಪಿನ್ನೊಂದು ಟಪ್ಪೆಂದು ಹಾರಿ ಕುಪ್ಪಸದ ತೋಳು ಜಾರಿತು. ಅತ್ತೆ ಒಂದು ಕೈಯಲ್ಲಿ ಹಿಡಿದುಕೊಂಡು, ಕಣ್ಣು ಕೆಳಗೆ ಮಾಡದೆ ನಿಂತಳು.

ಹುಡುಗನ ತಾಯಿ ಮೆಲ್ಲಗೆ ಎದ್ದರು. ಇದೂ ಹೋಯಿತು ಅಂದುಕೊಂಡೆ. ಆದರೆ ಆಕೆ ಮುಡಿಯಿಂದ ಮಲ್ಲಿಗೆ ತೆಗೆದು ಜಗಲಿಯ ಮೇಲಿಟ್ಟರು, ಬಚ್ಚಲಿಗೆ ಹೋಗಿ ಮುಖದ ಪೌಡರ್ ತೊಳೆದುಕೊಂಡರು, "ಎಲ್ಲಿ, ಒಸಿ ತೋರ್ಸು ನಿನ್ ಹುಳವ" ಅಂದರು. ಒಳಗಿನಿಂದ ಬಂದವರು ಅಜ್ಜಿಗೆ ಹೇಳಿದ್ದು ಇಷ್ಟೇ. "ಹುಳಕ್ಕೇ ಇಷ್ಟು ನಿಗಾ ಮಾಡೋಳು ನಮ್ಮನ್ನ ಬುಟ್ಟಾಳಾ?" ತುಂಬ ಹೊತ್ತಿನ ಮೇಲೆ ಅಪ್ಪ ಮೈಯೆಲ್ಲ ಧೂಳಾಗಿ, ಬೀಗದ ಕೈ ಎತ್ತಿ ಹಿಡಿದು ಓಡಿಬಂದ. "ಅದ್ನ ಅತ್ಲಾಗಿಟ್ಟು ತಾಂಬೂಲ ಹಿಡ್ಕಳಪ್ಪ" ಎಂದರು ಬೀಗಿತ್ತಿ.

ಈಗ ಆ ಮನೆಯಿಲ್ಲ. ಅಜ್ಜಿ ಹೋದ ಮೇಲೆ ಹುಳ ಸಾಕುವುದು ನಿಂತಿತು, ಆಮೇಲೆ ಗೋಡೆ ಕೆಡವಿ ಸೈಟು ಮಾಡಿದರು. ಅದಕ್ಕೆ ನನಗೆ ಹೊಟ್ಟೆ ಉರಿಯುತ್ತದೆ, ಆದರೆ ಮನೆ ಖಾಲಿಯಾದದ್ದು ಅದಕ್ಕೂ ಬಹಳ ಮೊದಲೇ. ಮಾಗಡಿಯವರು ಒಪ್ಪುತ್ತಾರೋ ಇಲ್ಲವೋ ಎಂದು ಜೀವ ಕೈಯಲ್ಲಿ ಹಿಡಿದಿದ್ದ ನಮಗೆ, ಒಪ್ಪಿದರೆ ಜಯತ್ತೆ ಹೊರಟುಹೋಗುತ್ತಾಳೆ ಎನ್ನುವುದೇ ಹೊಳೆದಿರಲಿಲ್ಲ. ಮದುವೆ ಮುಗಿದು ಮುಂದಿನ ಬೆಳೆಯ ಹುಳ ಮನೆಗೆ ಬಂದಿದ್ದವು. ಸಂಜೆ ತಟ್ಟೆಯ ಮೇಲೆ ಬಾಗಿದ್ದ ಅಜ್ಜಿ ತಿರುಗಿಯೂ ನೋಡದೆ ಕೈ ಹಿಂದೆ ಚಾಚಿ, "ಜಯಾ, ಸೊಪ್ಪು ತಕ್ಕಂಬಾ" ಅಂದಳು. ಅಜ್ಜಿಯ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಅಮ್ಮ ಎದ್ದು ಹೋಗಿ ಸೊಪ್ಪಿನ ಕುಕ್ಕೆ ತಂದಳು.