ವಿಜಯಶ್ರೀಗೆ ಬೀಳದ ಓಟು

ನಮ್ಮ ವಿಜಯಶ್ರೀ ಚುನಾವಣೆಗೆ ನಿಲ್ಲುತ್ತೇನೆ ಎಂದಾಗ ನನಗೆ ಮೊದಲು ಬಂದದ್ದು ಸಿಟ್ಟು. ಈ ಪರದೇಶದಲ್ಲಿ ಮನುಕಾವ್ ಕಡೆಯ ಆಸ್ಪತ್ರೆಯಲ್ಲಿ ನರ್ಸ್ ಕೆಲಸ, ಮನೆಯಲ್ಲಿ ಎರಡು ಮಕ್ಕಳು, ಇದರ ಮೇಲೆ ಲೋಕಲ್ ಬೋರ್ಡು ಅನ್ನುವ ಇಲ್ಲಿಯ ವಾರ್ಡ್ ಸಮಿತಿಯ ಉಸಾಬರಿ ಬೇರೆ! "ಚಂಪಾ, ಬೋರ್ಡಲ್ಲಿ ನಮ್ಮಂಥ ಹೆಂಗಸ್ರು ಒಬ್ರಾದ್ರೂ ಬೇಡ್ವೇನೇ?" ಎಂದಳು. ಅಷ್ಟಕ್ಕೇ ಕರಗಿ ನಾನು ಅವಳ ಡ್ರೈವರ್ ಆದೆ.

ನಮ್ಮ ಭಾಗಕ್ಕೆ ಇದ್ದದ್ದು ಒಂದೇ ಸ್ಥಾನ. ಎದುರಾಳಿ ಬೀದಿ ಮೂಲೆಯ ಡೇರಿ ಅಂಗಡಿಯ ಸಮೋವಾ ದ್ವೀಪದ ಹೆಂಗಸು, ಗಟ್ಟಿಗಿತ್ತಿ. ಕನ್ನಡದವರ ಓಟು ಪೂರಾ ಬಿದ್ದರೆ ಮಾತ್ರ ನಮ್ಮವಳಿಗೆ ಗೆಲುವು. ಪುಣ್ಯಕ್ಕೆ ದಸರಾ ಬಂದಿತ್ತು. ಮೈಸೂರಿನವರೆಲ್ಲ ಗೊಂಬೆ ಕೂರಿಸಿದ್ದರು. ಗೊಂಬೆ ನೋಡುವ ನೆಪದಲ್ಲಿ ಮನೆಮನೆಗೂ ನುಗ್ಗಿದೆವು. ಕುಂಕುಮ ಕೊಟ್ಟರು, ಕೈತುಂಬ ಕೊಬ್ಬರಿ ಮಿಠಾಯಿ ಕೊಟ್ಟರು, "ನಿಮಗಲ್ದೆ ಇನ್ಯಾರಿಗ್ರೀ" ಎಂದರು. ವಿಜಯಶ್ರೀ ಹಿರಿಹಿರಿ ಹಿಗ್ಗಿದಳು.

ಪದ್ಮಾವತಿ ಆಂಟಿಯ ಮನೆಯಲ್ಲಿ ನನ್ನ ಕಣ್ಣು ಫ್ರಿಜ್ಜಿನ ಮೇಲೆ ಹೋಯಿತು. ಅಂಚೆಯಲ್ಲಿ ಬಂದ ಎರಡು ಓಟಿನ ಕವರು ಒಡೆಯದೆ ಬಿದ್ದಿದ್ದವು.

"ಆಂಟಿ, ಇನ್ನೂ ಹಾಕಿಲ್ವಾ?"

"ಎಲೆಕ್ಷನ್ ದಿನ ಹೋಗಿ ಹಾಕ್ತೀವಮ್ಮ. ಬೆರಳಿಗೆ ಶಾಯಿ ಹಚ್ಚಿಸ್ಕೊಂಡು ಬರ್ದಿದ್ರೆ ಅದೆಂಥ ಓಟು?"

ಅಯ್ಯೋ ದೇವರೇ! ಇಲ್ಲಿ ಬೂತೂ ಇಲ್ಲ, ಶಾಯಿಯೂ ಇಲ್ಲ. ಮನೆಯಲ್ಲೇ ಗುರುತು ಹಾಕಿ ಕವರನ್ನು ಪೆಟ್ಟಿಗೆಗೆ ಹಾಕಬೇಕು. ಶನಿವಾರ ಮಧ್ಯಾಹ್ನಕ್ಕೆ ಎಲ್ಲ ಮುಗಿದುಹೋಗುತ್ತದೆ. ಫೋನು ಮಾಡಿ ನೋಡಿದರೆ ಅರ್ಧಕ್ಕರ್ಧ ಮನೆಗಳಲ್ಲಿ ಇದೇ ಕತೆ.

ಆಂಟಿಯ ಯಜಮಾನರು ವಿಶ್ವೇಶ್ವರ ಅಂಕಲ್ ಕೈಚಾಚಿದರು. "ಕೊಡೇ ಇಲ್ಲಿ, ಎರಡಕ್ಕೂ ನಾನೇ ಟಿಕ್ ಹಾಕ್ತೀನಿ. ನಮ್ಮನೆ ಓಟೆಲ್ಲಾ ವಿಜಯಶ್ರೀಗೇ."

ನಾನು ಹೂಂ ಅಂದೇಬಿಡುತ್ತಿದ್ದೆ. ವಿಜಯಶ್ರೀ ತಡೆದಳು.

"ಬೇಡಿ ಅಂಕಲ್, ಆಂಟಿ ಓಟು ಆಂಟೀನೇ ಹಾಕ್ಲಿ. ಆಂಟಿ, ನಿಮಗ್ಯಾರು ಸರಿ ಅನ್ಸುತ್ತೋ ಅವ್ರಿಗೆ ಹಾಕಿ."

"ಗೆಲ್ಲೋ ಹೊತ್ತಲ್ಲಿ ಈ ದೊಡ್ಡಸ್ತಿಕೆ ಯಾಕೆ ಬೇಕಿತ್ತೇ ನಿಂಗೆ?" ಎಂದು ಕಾರಿನಲ್ಲಿ ಚೆನ್ನಾಗಿ ಬೈದೆ. ಅವಳು ಮಿಠಾಯಿ ತಿನ್ನುತ್ತಾ ಕೂತಿದ್ದಳು.

ಫೋನಿನಲ್ಲಿ ನಾನು ಕೂಗಾಡಿದ್ದು ಫಲಿಸಿತು. ಶನಿವಾರ ಬೆಳಗ್ಗೆ ಲೈಬ್ರರಿಯ ಪೆಟ್ಟಿಗೆಯ ಮುಂದೆ ರೇಷ್ಮೆ ಸೀರೆಗಳ ಸಾಲು! ಪದ್ಮಾವತಿ ಆಂಟಿಯಂತೂ ಕವರನ್ನು ಕಣ್ಣಿಗೊತ್ತಿಕೊಂಡು ಒಳಗೆ ಹಾಕಿದರು. ಗೆದ್ದೇಬಿಟ್ಟೆವು ಎಂದುಕೊಂಡೆ.

ಸಂಜೆ ಫಲಿತಾಂಶ ಬಂತು. ಬೆರಳಲ್ಲಿ ಎಣಿಸುವಷ್ಟು ಓಟಿನಿಂದ ಸೋತಿದ್ದಳು. ಅಡುಗೆಮನೆಯಲ್ಲಿ ಕೂತು ಬಿಕ್ಕಿಬಿಕ್ಕಿ ಅಳುತ್ತಿದ್ದಾಗ ಆಂಟಿಯ ಫೋನು ಬಂತು. ಸ್ಪೀಕರ್ ಹಾಕಿದೆ.

"ಅಳ್ಬೇಡ ಕಣೇ. ನಾನೂ ನಿಂಗೆ ಹಾಕ್ಲಿಲ್ಲ. ನಿಲ್ಸಿರೋ ಬಸ್ಸನ್ನ ನಮ್ಮ ಬೀದಿಗೆ ವಾಪಸ್ ತರಿಸ್ತೀನಿ ಅಂತ ಆ ಡೇರಿಯವಳು ಹೇಳಿದ್ಲು. ನಂಗೆ ಕಾರ್ ಓಡ್ಸಕ್ಕೆ ಬರಲ್ಲ, ಎಲ್ಲಿಗೆ ಹೋಗ್ಬೇಕಂದ್ರೂ ನಿಮ್ಮ ಅಂಕಲ್‌ನ ಕೇಳ್ಬೇಕು. ನೀನು ಬಂದೆ, ಗೊಂಬೆ ನೋಡ್ದೆ, ಕುಂಕುಮ ತಗೊಂಡೆ. ನಿಮಗೇನು ಬೇಕು ಆಂಟಿ ಅಂತ ಕೇಳ್ಲೇ ಇಲ್ವಲ್ಲೇ?"

ನನಗೆ ಮೈಯೆಲ್ಲಾ ಉರಿದುಹೋಯಿತು. ಫೋನು ಕುಕ್ಕಲು ಹೊರಟಿದ್ದೆ, ವಿಜಯಶ್ರೀ ಕಿತ್ತುಕೊಂಡಳು. ಸೆರಗಿನಲ್ಲಿ ಮೂಗು ಒರೆಸಿಕೊಂಡು ಕೇಳಿದಳು:

"ಆಂಟಿ, ಆ ಬಸ್ ಎಷ್ಟು ಗಂಟೆಗೆ ಬರ್ತಿತ್ತು?"