ಮೊದಲಿನ ಮೂರು ಆಲ್ಬಮ್

ಹೈದರಾಬಾದಿನ ಕಾಚಿಗೂಡ ಸ್ಟೇಷನ್ನಿನ ಹತ್ತಿರದ ಇರಾನಿ ಹೋಟೆಲಿನಲ್ಲಿ ಗುರುಬಸವ ಅವರು ಕೂತರೆಂದರೆ ರಾಕ್ ಗಾಯಕ ಡ್ಯಾನಿ ವೆಲ್ಬಿಯ ವಿಚಾರಣೆ ಶುರುವಾಯಿತೆಂದೇ ಲೆಕ್ಕ. ಆ ಪುಣ್ಯಾತ್ಮ ಇಂಗ್ಲೆಂಡಿನಲ್ಲಿ ಕೂತು ವರ್ಷಕ್ಕೊಂದು ಆಲ್ಬಮ್ ಹೆರುತ್ತಾನೆ. ಇವರ ಪ್ರಕಾರ ಮೊದಲಿನ ಮೂರು ಮಾತ್ರ ಸಂಗೀತ, ಉಳಿದದ್ದೆಲ್ಲ ಸಂಸಾರ ತೂಗಿಸಲು ಮಾಡಿದ ದುಡಿಮೆ. "ಗಡ್ಡಾ ತಗಸಿದ ನೋಡ್ರಿ, ಅವತ್ತ ಕೆಟ್ಟ" ಎಂದು ಉಸ್ಮಾನಿಯಾ ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಾರೆ. ಆವೇಶದಲ್ಲಿ ಬಿಸ್ಕತ್ತು ಕಪ್ಪಿನ ತಳ ಸೇರಿದರೂ ವಾದ ನಿಲ್ಲುವುದಿಲ್ಲ. ಅದೇ ಹಳೆಯ ಹಾಡನ್ನು ಮೊಬೈಲಿನಲ್ಲಿ ಹಾಕಿದರೂ ಒಪ್ಪರು: "ಅವಾಗ ಇಷ್ಟ ಗಡಿಬಿಡಿ ಇರಲಿಲ್ರಿ." ಪಾಪ, ಊರಲ್ಲಿದ್ದಾಗ ಕಲಬುರಗಿಯ ಬಿಸಿಲಿಗೆ ಅವರ ಕ್ಯಾಸೆಟ್ಟಿನ ಟೇಪು ಜೋತುಬಿದ್ದು ಹಾಡೆಲ್ಲ ನಿಧಾನವಾಗಿತ್ತು; ಅದನ್ನೇ ಅವರು ಗಾಂಭೀರ್ಯವೆಂದು ನಂಬಿದ್ದಾರೆ. ಎದುರು ಕುರ್ಚಿಯ ಗೆಳೆಯ ಅಮರೇಶಪ್ಪನವರದು ಮುಪ್ಪಿನ ವೆಲ್ಬಿಯ ಪಕ್ಷ: "ಈಗ ದನಿ ಒಡದೈತಿ, ಅದಕ್ಕ ಖರೇ ಹಾಡಾಕತ್ತಾನ." "ಭಾಳ ಶಾಣ್ಯಾ ಅದಿ ಬಿಡು!" ಎಂದು ಗುರುಬಸವ ಅವರು ಮೇಜು ಗುದ್ದುವರು, ಅಕ್ಕಪಕ್ಕದವರ ಚಹಾ ಸಾಸರಿಗೆ ಚೆಲ್ಲುವುದು. ಈ ಶ್ರಾವಣದಲ್ಲಿ ಅಮರೇಶಪ್ಪನವರು ತೀರಿಕೊಂಡರು. ಮೊನ್ನೆ ಗುರುಬಸವ ಅವರಿಗೆ ಸಮಾಧಾನವಾಗಲೆಂದು, ದಿನವೂ ಪಕ್ಕದ ಮೇಜಿನಿಂದ ಈ ಜಗಳ ಕೇಳುತ್ತಿದ್ದ ನಾನೇ ಆ ಖಾಲಿ ಕುರ್ಚಿಯಲ್ಲಿ ಕೂತು, "ನೀವು ಹೇಳಿದ್ದ ಖರೇ ಐತ್ರಿ, ಮೊದಲಿನ ಮೂರ ಛಲೋ" ಎಂದೆ. ಅವರು ಸಿಡಿದೆದ್ದರು: "ಯಾರ ಹೇಳಿದ್ರು? ಈಗ ದನಿ ಒಡದೈತಿ, ಅದಕ್ಕ ಖರೇ ಹಾಡಾಕತ್ತಾನ!" ಅವರು ನನ್ನ ಕೈಯ ಕಡೆ ನೋಡಿದರು, ಆಮೇಲೆ ಸಣ್ಣ ದನಿಯಲ್ಲಿ, "ಸುಮ್ನ ಯಾಕ ಕುಂತೀರಿ? ಮೇಜು ಗುದ್ರಿ" ಎಂದರು.